ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹಿರಿಯರಿಗೆ

ಸರ್, ನಿಮ್ಮ ಹೆಸರು ಕೇಳಲೇ ಇಲ್ಲ. ಪಿಯುಸಿ ಮುಗಿದಿತ್ತು. ಎಲ್ಲರೂ ಕಂಪ್ಯೂಟರ್ ಸೈನ್ಸ್ ಅನ್ನುತ್ತಿದ್ದರು, ನನಗೆ ಏನೂ ತೋಚುತ್ತಿರಲಿಲ್ಲ. ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ನೀವು ಕೇಳಿದಿರಿ: "ಯಾವ ಕೆಲಸದಾಗ ನಿನಗ ಹೊತ್ತು ಹೋಗಿದ್ದ ಗೊತ್ತಾಗಂಗಿಲ್ಲವ್ವ?" ಸಲಹೆ ಕೊಡುವವರು ಜಾಸ್ತಿ, ಹೀಗೆ ಕೇಳುವವರು ಕಮ್ಮಿ ಅಲ್ವಾ? ಅಪ್ಪನ ಜೊತೆ ಭತ್ತದ ಗದ್ದೆಗೆ ನೀರು ಬಿಡೋದು, ಕೆಟ್ಟ ಪಂಪ್ ಬಿಚ್ಚಿ ನೋಡೋದು ಅಂದೆ. ಜೇಬಿನ ಪೆನ್ನು ತೆಗೆದು, ನನ್ನ ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆದಿರಿ: ಕೃಷಿ ಎಂಜಿನಿಯರಿಂಗ್, 4 ವರ್ಷ, ಇಲ್ಲೇ ಕೃಷಿ ವಿಶ್ವವಿದ್ಯಾಲಯದಲ್ಲಿದೆ. ಕೆಳಗೆ 371ಜೆ ಪ್ರಮಾಣಪತ್ರ ಅಂತ ಬರೆದು ಎರಡು ಗೆರೆ ಎಳೆದಿರಿ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಅದರಿಂದ ಸೀಟಿನಲ್ಲಿ ಮೀಸಲಾತಿ ಸಿಗುತ್ತದೆ ಅನ್ನೋದನ್ನು ನಮ್ಮ ಮನೆಯಲ್ಲಿ ಯಾರೂ ತಿಳಿದಿರಲಿಲ್ಲ. ಈಗ ಅದೇ ಕೋರ್ಸ್ ಓದುತ್ತಿದ್ದೇನೆ, ಹನಿ ನೀರಾವರಿ ಪಾಠ ಅಂದ್ರೆ ತುಂಬಾ ಇಷ್ಟ. ಅಪ್ಪನೂ ಖುಷಿಯಾಗಿದ್ದಾರೆ. ನಿಮಗೆ ಮನಸಾರೆ ಧನ್ಯವಾದ.