ಅಕ್ಕನಿಗೆ, ಬಕೆಟ್ಟಿನಲ್ಲಿರುವ ಬಿಯರ್ ಬಗ್ಗೆ

ಡರ್ಬಿ, ಇಂಗ್ಲೆಂಡ್

ಪ್ರೀತಿಯ ಅಕ್ಕನಿಗೆ,

ನಾನು ಚೆನ್ನಾಗಿದ್ದೇನೆ. ಈ ಕಾಗದವನ್ನು ನೀನೇ ಅಮ್ಮನಿಗೆ ಓದಿ ಹೇಳಬೇಕು, ಅದಕ್ಕೇ ಫೋನ್ ಬಿಟ್ಟು ಬರೆಯುತ್ತಿದ್ದೇನೆ. ಮನೆಯಲ್ಲಿ ಬಿಯರ್ ಮಾಡುತ್ತಿದ್ದೇನೆ ಅಂತ ಹೇಳಿದಾಗಿನಿಂದ ಅವಳಿಗೆ ಸಮಾಧಾನ ಇಲ್ಲ. ಕಳ್ಳಭಟ್ಟಿ ಕುಡಿದು ಸತ್ತವರ, ಕಣ್ಣು ಕಳೆದುಕೊಂಡವರ ಸುದ್ದಿ ಓದಿಕೊಂಡು ಬೆಳೆದವರು ನಾವು. ಅವಳ ಹೆದರಿಕೆಗೆ ಕಾರಣ ಇದೆ. "ಏನೂ ಆಗಲ್ಲ ಅಮ್ಮ" ಅಂತ ಫೋನಿನಲ್ಲಿ ಹೇಳಿದರೆ ಅದು ಹೋಗುವುದಿಲ್ಲ. ನೀನು ಕೆಮಿಸ್ಟ್ರಿ ಪಾಠ ಮಾಡುವವಳು. ನಿನಗೆ ಸರಿಯಾಗಿ ಹೇಳಿದರೆ ಅವಳಿಗೆ ಅರ್ಥ ಆಗುವ ಹಾಗೆ ನೀನು ಹೇಳುತ್ತೀಯ.

ಮೊದಲು ಅದನ್ನೇ ಬರೆಯುತ್ತೇನೆ. ನಾನು ಭಟ್ಟಿ ಇಳಿಸುತ್ತಿಲ್ಲ. ಈ ದೇಶದಲ್ಲೂ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಭಟ್ಟಿ ಇಳಿಸುವುದು ಅಪರಾಧ. ಕಳ್ಳಭಟ್ಟಿಯಲ್ಲಿ ಕೊಲ್ಲುವುದು ಮೆಥನಾಲ್ ಅಲ್ವಾ? ಅದು ದೇಹದೊಳಗೆ ಫಾರ್ಮಾಲ್ಡಿಹೈಡ್ ಆಗಿ, ಆಮೇಲೆ ಫಾರ್ಮಿಕ್ ಆಮ್ಲ ಆಗಿ ಕಣ್ಣಿನ ನರವನ್ನು ಹಾಳು ಮಾಡುತ್ತದೆ. ಅಂಥ ದುರಂತಗಳಲ್ಲಿ ಹೆಚ್ಚಿನವು ಯಾರೋ ಕಾರ್ಖಾನೆಯ ಸ್ಪಿರಿಟ್ ಬೆರೆಸಿದ್ದರಿಂದ ಆದವು. ಹುದುಗುವಾಗ ತಾನಾಗಿ ಹುಟ್ಟುವ ಮೆಥನಾಲ್ ಮುಖ್ಯವಾಗಿ ಹಣ್ಣಿನ ಪೆಕ್ಟಿನ್‌ನಿಂದ ಬರುತ್ತದೆ. ಬಾರ್ಲಿಯಲ್ಲಿ ಪೆಕ್ಟಿನ್ ತುಂಬಾ ಕಡಿಮೆ. ಹಾಗಾಗಿ ಬಿಯರಿನಲ್ಲಿ ಮೆಥನಾಲ್ ಇದ್ದರೂ ಲೆಕ್ಕಕ್ಕೆ ಬರದಷ್ಟು. ಇನ್ನು ರೋಗ ತರುವ ಬ್ಯಾಕ್ಟೀರಿಯಾ. ಬಿಯರಿನ ಪಿಎಚ್ 4ರ ಸುಮಾರಿಗೆ ಇಳಿದಿರುತ್ತದೆ, ಅಂದರೆ ಆಮ್ಲೀಯವಾಗಿರುತ್ತದೆ, ಆಲ್ಕೋಹಾಲ್ ಇರುತ್ತದೆ, ಹಾಪ್ಸ್ ಅನ್ನುವ ಕಹಿ ಹೂ ಇರುತ್ತದೆ. ಅವು ಅಲ್ಲಿ ಬೆಳೆಯಲಾರವು. ಕೆಟ್ಟ ಬಿಯರ್ ಬಾಯಿಗೆ ಹುಳಿ ಹೊಡೆಯುತ್ತದೆ, ಚೆಲ್ಲಬೇಕಾಗುತ್ತದೆ. ಅಷ್ಟೇ.

ಈಗ ಮಾಡುವ ವಿಷಯ. ಇಲ್ಲಿ ಬಿಟರ್ ಅಂತ ಒಂದು ಬಿಯರ್ ಇದೆ. ತಾಮ್ರದ ಬಣ್ಣ, ನೊರೆ ಕಡಿಮೆ, ಕಹಿ ಎದ್ದು ಕಾಣುತ್ತದೆ. ಆಲ್ಕೋಹಾಲ್ ಸಾಮಾನ್ಯವಾಗಿ ಶೇಕಡಾ 3.5ರಿಂದ 4.5ರ ಒಳಗೆ. ಇದನ್ನು ಮನೆಯಲ್ಲಿ ಮಾಡುವುದಕ್ಕೆ ಕಿಟ್ ಸಿಗುತ್ತದೆ. ಒಂದು ಪೆಟ್ಟಿಗೆಯಲ್ಲಿ ಒಂದೂವರೆ ಕಿಲೋದ ಎರಡು ಡಬ್ಬಿ, ಸಣ್ಣ ಪೊಟ್ಟಣದಲ್ಲಿ ಒಣ ಯೀಸ್ಟ್, ಒಂದು ಸೂಚನೆಯ ಹಾಳೆ. ಅಷ್ಟರಿಂದ 40 ಪೈಂಟ್, ಅಂದರೆ ಸುಮಾರು 23 ಲೀಟರ್ ಆಗುತ್ತದೆ.

ಡಬ್ಬಿಯೊಳಗಿರುವುದು ಮಾಲ್ಟ್ ಎಕ್ಸ್‌ಟ್ರಾಕ್ಟ್. ನೋಡಲು ನಮ್ಮ ಜೋನಿ ಬೆಲ್ಲದ ಹಾಗೇ ಇರುತ್ತದೆ, ಅದೇ ಬಣ್ಣ, ಅದೇ ಅಂಟು. ಬಾರ್ಲಿಗೆ ಮೊಳಕೆ ಬರಿಸಿ ಒಣಗಿಸಿ, 65–67 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸುತ್ತಾರೆ. ಮೊಳಕೆಯಲ್ಲಿ ಹುಟ್ಟಿದ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ಆ ಸಿಹಿ ರಸವನ್ನು ಸೋಸಿ, ಹಾಪ್ಸ್ ಹಾಕಿ ಕುದಿಸಿ, ನೀರು ಆರಿಸಿ ಗಟ್ಟಿ ಮಾಡಿ ಡಬ್ಬಿಗೆ ತುಂಬುತ್ತಾರೆ. ಇಷ್ಟೂ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಅದಕ್ಕೇ ಕೆಲವರು ಕಿಟ್ಟಿನಲ್ಲಿ ಮಾಡಿದ್ದು ಬ್ರೂಯಿಂಗೇ ಅಲ್ಲ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸಿಹಿ ರಸ ಬಿಯರ್ ಆಗುವುದು ಯೀಸ್ಟ್ ಬಿದ್ದ ಮೇಲೆ. ಆ ಕೆಲಸ ಪೂರ್ತಿ ನನ್ನ ಮನೆಯಲ್ಲೇ ನಡೆಯುತ್ತದೆ, ಅದನ್ನು ಕೆಡಿಸುವುದೂ ಉಳಿಸುವುದೂ ನನ್ನ ಕೈಯಲ್ಲೇ ಇದೆ.

ಒಂದೇ ಡಬ್ಬಿಯ ಅಗ್ಗದ ಕಿಟ್ಟೂ ಇದೆ. ಅದಕ್ಕೆ ಒಂದು ಕಿಲೋ ಸಕ್ಕರೆ ನಾವೇ ಸೇರಿಸಬೇಕು. ಯೀಸ್ಟ್ ಸಕ್ಕರೆಯನ್ನು ಪೂರ್ತಿ ತಿಂದುಬಿಡುತ್ತದೆ, ಏನೂ ಉಳಿಯುವುದಿಲ್ಲ, ಬಿಯರ್ ನೀರು ನೀರಾಗುತ್ತದೆ. ಮಾಲ್ಟಿನಲ್ಲಾದರೆ ಯೀಸ್ಟಿಗೆ ಅರಗದ ಡೆಕ್ಸ್‌ಟ್ರಿನ್ ಉಳಿದು ಬಾಯಿ ತುಂಬುವ ಗುಣ ಕೊಡುತ್ತದೆ. ಬಿಟರಿಗೆ ಅದು ಬೇಕೇ ಬೇಕು. ಎರಡು ಡಬ್ಬಿಯದು ತರುವುದೇ ಸರಿ.

ಈ ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯುವುದು, ಅಕ್ಕ. ಅಮ್ಮನಿಗೆ ಇದನ್ನು ಒತ್ತಿ ಹೇಳು. ಬಕೆಟ್, ಮುಚ್ಚಳ, ಸೌಟು, ಥರ್ಮಾಮೀಟರ್, ಪೈಪು, ಬಾಟಲಿ, ಡಬ್ಬಿ ತೆರೆಯುವ ಓಪನರ್ ಕೂಡ. ಮೊದಲು ಕೊಳೆ ಹೋಗುವ ಹಾಗೆ ತೊಳೆಯಬೇಕು. ಆಮೇಲೆ ಸೂಕ್ಷ್ಮಜೀವಿ ಸಾಯುವ ದ್ರಾವಣದಲ್ಲಿ ಅದ್ದಬೇಕು. ಕೊಳೆ ಇದ್ದ ಜಾಗಕ್ಕೆ ದ್ರಾವಣ ತಾಗುವುದಿಲ್ಲ, ಹಾಗಾಗಿ ಮೊದಲನೆಯದನ್ನು ಬಿಟ್ಟು ಎರಡನೆಯದು ಮಾಡಿ ಪ್ರಯೋಜನ ಇಲ್ಲ. ಪ್ಲಾಸ್ಟಿಕ್ ಬಕೆಟ್ಟಿಗೆ ಸ್ಕ್ರಬ್ಬರ್ ಹಾಕಿ ಉಜ್ಜಲೇಬಾರದು. ಗೀರು ಬಿದ್ದರೆ ಬ್ಯಾಕ್ಟೀರಿಯಾ ಅದರೊಳಗೆ ಕೂತುಬಿಡುತ್ತವೆ, ಯಾವ ದ್ರಾವಣಕ್ಕೂ ಸಿಗುವುದಿಲ್ಲ. ಮೆತ್ತಗಿನ ಬಟ್ಟೆ ಸಾಕು. ಬಿಯರ್ ಹುಳಿಯಾಗುವುದಕ್ಕೆ, ಕೆಡುವುದಕ್ಕೆ ಸೂಕ್ಷ್ಮಜೀವಿಗಳೇ ಕಾರಣ ಅಂತ ಲೂಯಿ ಪ್ಯಾಶ್ಚರ್ 1870ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಅಷ್ಟು ದೊಡ್ಡ ವಿಜ್ಞಾನಿ ಬಿಯರಿಗಾಗಿ ಮೈಕ್ರೋಸ್ಕೋಪಿನ ಮುಂದೆ ಕೂತರು ಅನ್ನುವುದು ನನಗೆ ತುಂಬಾ ಹಿಡಿಸಿದ ಸಂಗತಿ. ನಿನ್ನ ಕ್ಲಾಸಿನ ಮಕ್ಕಳಿಗೂ ಹೇಳಬಹುದು.

ತೊಳೆದಾದ ಮೇಲೆ ಉಳಿದದ್ದು ಬೇಗ ಆಗುತ್ತದೆ. ಡಬ್ಬಿಗಳನ್ನು ಬಿಸಿನೀರಿನಲ್ಲಿ ನಿಲ್ಲಿಸಿದರೆ ಎಕ್ಸ್‌ಟ್ರಾಕ್ಟ್ ಸಡಿಲವಾಗುತ್ತದೆ. ಅದನ್ನು ಬಕೆಟ್ಟಿಗೆ ಸುರಿದು, ಮೂರು-ನಾಲ್ಕು ಲೀಟರ್ ಕುದಿಯುವ ನೀರು ಹಾಕಿ ಕರಗಿಸುತ್ತೇನೆ. ಮೇಲೆ 23 ಲೀಟರ್ ಗೆರೆಯ ತನಕ ತಣ್ಣೀರು. ತಣ್ಣೀರನ್ನು ಎತ್ತರದಿಂದ ರಭಸವಾಗಿ ಸುರಿಯಬೇಕು. ಶುರುವಿನಲ್ಲಿ ಯೀಸ್ಟ್ ಮರಿ ಮಾಡುವುದಕ್ಕೆ ಆಮ್ಲಜನಕ ಬೇಕು. ಹುದುಗಿದ ಮೇಲೆ ಅದೇ ಆಮ್ಲಜನಕ ವೈರಿ, ಬಿಯರಿಗೆ ಒದ್ದೆ ರಟ್ಟಿನ ವಾಸನೆ ತರುತ್ತದೆ.

ನೀರಿನ ಬಗ್ಗೆ ನಿನಗೆ ಖಂಡಿತ ಇಷ್ಟ ಆಗುತ್ತದೆ. ಡರ್ಬಿಗೆ ಹತ್ತಿರದಲ್ಲೇ ಬರ್ಟನ್ ಅಪಾನ್ ಟ್ರೆಂಟ್ ಅಂತ ಊರಿದೆ. 19ನೇ ಶತಮಾನದಲ್ಲಿ ಇಡೀ ಬ್ರಿಟನ್ನಿಗೇ ಹೆಸರಾದ ಬಿಯರ್ ಊರು ಅದು. ಅಲ್ಲಿನ ಬಾವಿ ನೀರು ಜಿಪ್ಸಮ್ ಪದರದ ಮೂಲಕ ಹಾದು ಬರುತ್ತದೆ, ಸಲ್ಫೇಟ್ ಜಾಸ್ತಿ. ಸಲ್ಫೇಟ್ ಇದ್ದರೆ ಹಾಪ್ಸಿನ ಕಹಿ ಚೊಕ್ಕವಾಗಿ, ಚುರುಕಾಗಿ ಬರುತ್ತದೆ. ಬೇರೆ ಊರಿನ ಬ್ರೂವರ್‌ಗಳು ತಮ್ಮ ನೀರಿಗೆ ಜಿಪ್ಸಮ್ ಸೇರಿಸಿ ಆ ರುಚಿಗೆ ಪ್ರಯತ್ನ ಮಾಡಿದರು, ಈಗಲೂ ಮಾಡುತ್ತಾರೆ. ನನ್ನದು ನಲ್ಲಿ ನೀರು, ಅದರಲ್ಲಿ ಕ್ಲೋರಿನ್ ಇದೆ. ಕ್ಲೋರಿನ್ ಹಾಗೇ ಬಿಟ್ಟರೆ ಕ್ಲೋರೋಫೀನಾಲ್ ಆಗಿ ಬಿಯರ್ ಆಸ್ಪತ್ರೆ ವಾಸನೆ ಹೊಡೆಯುತ್ತದೆ. ಅರ್ಧ ಕ್ಯಾಂಪ್ಡನ್ ಮಾತ್ರೆ ಪುಡಿ ಮಾಡಿ ಹಾಕಿದರೆ ಅಷ್ಟೂ ನೀರಿನ ಕ್ಲೋರಿನ್ ನಿಮಿಷಗಳಲ್ಲಿ ಹೋಗುತ್ತದೆ. ಅದು ಮೆಟಾಬೈಸಲ್ಫೈಟ್, ನಿನಗೆ ಗೊತ್ತಿರುವುದೇ.

ಆಮೇಲೆ ಹೈಡ್ರೋಮೀಟರ್, ರಸ ನೀರಿಗಿಂತ ಎಷ್ಟು ಸಾಂದ್ರ ಅಂತ ಅಳೆಯುವ ಕೊಳವೆ. ನಿನ್ನ ಲ್ಯಾಬಿನಲ್ಲಿರುವುದೇ, ಸ್ಕೇಲ್ ಮಾತ್ರ ಇದಕ್ಕೆ ತಕ್ಕದ್ದು. ಬಿಟರಿಗೆ ಶುರುವಿನಲ್ಲಿ ಸುಮಾರು 1.040 ತೋರಿಸುತ್ತದೆ. ಸಕ್ಕರೆ ಆಲ್ಕೋಹಾಲ್ ಆಗುತ್ತಾ ಹೋದ ಹಾಗೆ ಇಳಿದು 1.011ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಎರಡರ ವ್ಯತ್ಯಾಸವನ್ನು 131.25ರಿಂದ ಗುಣಿಸಿದರೆ ಆಲ್ಕೋಹಾಲಿನ ಶೇಕಡಾ ಪ್ರಮಾಣ. ಇಲ್ಲಿ 3.8. ಅಂದಾಜಿನ ಲೆಕ್ಕವೇ, ಆದರೆ ಮನೆ ಬಿಯರಿಗೆ ಸಾಕು.

ಬಕೆಟ್ ಸುಮಾರು 20 ಡಿಗ್ರಿಗೆ ಬಂದ ಮೇಲೆ ಯೀಸ್ಟ್ ಉದುರಿಸಿ ಮುಚ್ಚುತ್ತೇನೆ. ಮುಚ್ಚಳದ ತೂತಿನಲ್ಲಿ ನೀರು ತುಂಬಿದ ಏರ್‌ಲಾಕ್. ಒಳಗಿನ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ. ಮಾರನೇ ದಿನದ ಹೊತ್ತಿಗೆ ಗುಳುಗುಳು ಶುರು. ಒಂದು ಗ್ಲೂಕೋಸ್ ಅಣು ಒಡೆದು ಎರಡು ಎಥನಾಲ್, ಎರಡು ಕಾರ್ಬನ್ ಡೈಆಕ್ಸೈಡ್ ಅಂತ ನೀನು ಬೋರ್ಡಿನ ಮೇಲೆ ಬರೆಯುತ್ತೀಯಲ್ಲ, ಆ ಸಮೀಕರಣ ಕಿವಿಗೆ ಕೇಳಿಸುತ್ತದೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಹೊತ್ತು ಅದು.

ಆಗ ಕಾಯಬೇಕಾದ್ದು ಉಷ್ಣತೆಯನ್ನು. ಚಳಿಗಾಲದಲ್ಲಿ ಇಲ್ಲಿ ರಾತ್ರಿ ಹೀಟಿಂಗ್ ಆರಿಸುತ್ತೇವೆ, ಮನೆ ತಣ್ಣಗಾಗುತ್ತದೆ. ಯೀಸ್ಟ್ ಮಂಕಾಗಿ ತಳ ಸೇರಿದರೆ ರೀಡಿಂಗ್ 1.020ರಲ್ಲೇ ನಿಂತುಬಿಡಬಹುದು. ಬಿಸಿ ಜಾಸ್ತಿಯಾದರೂ ತೊಂದರೆ. 24 ಡಿಗ್ರಿ ದಾಟಿದರೆ ಹಣ್ಣಿನ ವಾಸನೆ ಅತಿಯಾಗುತ್ತದೆ, ಗಂಟಲು ಸುಡುವಂಥ ಒರಟು ಆಲ್ಕೋಹಾಲ್‌ಗಳು ಹುಟ್ಟುತ್ತವೆ. 18ರಿಂದ 21 ಒಳ್ಳೆಯದು. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿಟ್ಟು ಕಂಬಳಿ ಸುತ್ತುತ್ತೇನೆ, ತೀರಾ ಚಳಿಯಾದರೆ ಸಣ್ಣ ಹೀಟಿಂಗ್ ಬೆಲ್ಟ್ ಕಟ್ಟುತ್ತೇನೆ.

ಕಹಿ ಎಲ್ಲಿಂದ ಅಂತ ನೀನು ಕೇಳಿದ್ದೆ. ಹಾಪ್ಸ್ ಒಂದು ಬಳ್ಳಿ, ಹೆಣ್ಣು ಬಳ್ಳಿಯ ಹಸಿರು ಹೂಗೊಂಚಲನ್ನು ಬಳಸುತ್ತಾರೆ. ಅದರಲ್ಲಿರುವ ಆಲ್ಫಾ ಆಮ್ಲಗಳು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಒಂದು ಗಂಟೆ ಕುದಿಸಿದರೆ ಅಣುವಿನ ರಚನೆ ಬದಲಾಗಿ ಐಸೋ-ಆಲ್ಫಾ ಆಮ್ಲ ಆಗುತ್ತದೆ, ಕರಗುತ್ತದೆ, ಕಹಿ ಕೊಡುತ್ತದೆ. ಮಾಲ್ಟಿನ ಸಿಹಿಗೆ ಆ ಕಹಿ ಇಲ್ಲದಿದ್ದರೆ ಎರಡು ಗುಟುಕಿಗೇ ಬೇಜಾರು ಬರುತ್ತದೆ. ಬಿಯರ್ ಹುಳಿಯಾಗಿಸುವ ಬ್ಯಾಕ್ಟೀರಿಯಾಗಳನ್ನು ತಡೆಯುವುದೂ ಅದೇ ಆಮ್ಲ. ಆದರೆ ಕುದಿಸಿ ಗಟ್ಟಿ ಮಾಡುವಾಗ ಪರಿಮಳ ಆವಿಯಾಗಿ ಹೋಗುತ್ತದೆ. ಕಿಟ್ಟಿನ ದೊಡ್ಡ ಕೊರತೆ ಅಂದರೆ ಅದು. ಹಾಗಾಗಿ ಹುದುಗು ಮುಗಿಯುತ್ತಾ ಬಂದಾಗ ಗೋಲ್ಡಿಂಗ್ಸ್ ಹಾಪ್ಸ್ 25–30 ಗ್ರಾಂ ಶುದ್ಧ ಬಟ್ಟೆಯ ಚೀಲದಲ್ಲಿ ಕಟ್ಟಿ ಮೂರು-ನಾಲ್ಕು ದಿನ ಬಕೆಟ್ಟಿನಲ್ಲಿ ಬಿಡುತ್ತೇನೆ. ಕೆಂಟ್ ಕಡೆಯ ಹಳೆಯ ತಳಿ ಅದು. ಕಹಿ ಹೆಚ್ಚುವುದಿಲ್ಲ, ಹೂವಿನ, ಸ್ವಲ್ಪ ಮಣ್ಣಿನ ಪರಿಮಳ ಬರುತ್ತದೆ. ಬೇರೆ ಏನು ಬಿಟ್ಟರೂ ಇದನ್ನು ನಾನು ಬಿಡುವುದಿಲ್ಲ.

ಬಾಟಲಿಗೆ ತುಂಬುವಾಗ ಮಾತ್ರ ಅವಸರ ಅಪಾಯ. ಗುಳುಗುಳು ನಿಂತಿತು ಅಂತ ತುಂಬಬಾರದು. ಹೈಡ್ರೋಮೀಟರ್ ಎರಡು ದಿನ ಒಂದೇ ಅಂಕಿ ತೋರಿಸಬೇಕು, ಆ ಅಂಕಿಯೂ ಸಾಕಷ್ಟು ಕೆಳಗಿರಬೇಕು. ಸಕ್ಕರೆ ಉಳಿದಿರುವಾಗ ತುಂಬಿದರೆ ಒಳಗೆ ಒತ್ತಡ ಏರಿ ಗಾಜಿನ ಬಾಟಲಿ ಸಿಡಿಯುತ್ತದೆ. ನಾನು ದಪ್ಪ ಪ್ಲಾಸ್ಟಿಕ್ಕಿನ ಕಂದು ಬಾಟಲಿ ಬಳಸುತ್ತೇನೆ. ಒತ್ತಿ ನೋಡಿದರೆ ಒತ್ತಡ ಗೊತ್ತಾಗುತ್ತದೆ. ಕಂದು ಬಣ್ಣ ಯಾಕೆಂದರೆ, ಬೆಳಕು ತಾಗಿದರೆ ಹಾಪ್ಸಿನ ಆಮ್ಲ ಒಡೆದು ಕೆಟ್ಟ ಗಂಧಕದ ವಾಸನೆ ಬರುತ್ತದೆ. ಅರ್ಧ ಲೀಟರಿಗೆ ಅರ್ಧ ಟೀ ಚಮಚ ಸಕ್ಕರೆ ಹಾಕಿ, ತಳದ ಗಸಿ ಬರದ ಹಾಗೆ ಪೈಪಿನಲ್ಲಿ ಇಳಿಸಿ ಮುಚ್ಚುತ್ತೇನೆ. ಕೆಲವು ದಿನ ಬೆಚ್ಚಗೆ, ಆಮೇಲೆ ಎರಡು-ಮೂರು ವಾರ ತಣ್ಣಗೆ ಕತ್ತಲಲ್ಲಿ. ಕುಡಿಯುವಾಗ ಐಸಿನಷ್ಟು ತಣ್ಣಗೆ ಮಾಡುವುದಿಲ್ಲ. 11–13 ಡಿಗ್ರಿ ಸಾಕು, ಅದಕ್ಕಿಂತ ತಣ್ಣಗಾದರೆ ರುಚಿ ಮುಚ್ಚಿಹೋಗುತ್ತದೆ.

ಕುಡಿಯುವ ಅಳತೆಯನ್ನೂ ಹೇಳಿಬಿಡುತ್ತೇನೆ. ಇಲ್ಲಿ ವೈದ್ಯರು ವಾರಕ್ಕೆ 14 ಯುನಿಟ್ ಮೀರಬಾರದು ಅನ್ನುತ್ತಾರೆ (ಒಂದು ಯುನಿಟ್ ಅಂದರೆ 10 ಮಿಲಿಲೀಟರ್ ಶುದ್ಧ ಆಲ್ಕೋಹಾಲ್). ನನ್ನ ಬಿಟರ್ ಒಂದು ಪೈಂಟಿಗೆ ಎರಡು ಯುನಿಟ್‌ಗಿಂತ ಸ್ವಲ್ಪ ಜಾಸ್ತಿ. ಶನಿವಾರ ಸಂಜೆ ಒಂದು ಗ್ಲಾಸು ನನ್ನದು. ಉಳಿದದ್ದು ಆಫೀಸಿನ ಗೆಳೆಯರಿಗೆ, ಪಕ್ಕದ ಮನೆಯ ಅಜ್ಜನಿಗೆ. ಈ ಅಜ್ಜ 70ರ ದಶಕದಿಂದ ಮಾಡುತ್ತಾ ಬಂದವರು, ನನಗೆ ಹೈಡ್ರೋಮೀಟರ್ ಓದುವುದು ಕಲಿಸಿದ್ದೂ ಅವರೇ. ಆಗ ಬೂಟ್ಸ್ ಔಷಧಿ ಅಂಗಡಿಯಲ್ಲೇ ಕಿಟ್ ಸಿಗುತ್ತಿತ್ತಂತೆ. 1880ರಿಂದ ಮನೆಯಲ್ಲಿ ಬಿಯರ್ ಮಾಡುವುದಕ್ಕೂ ಇಲ್ಲಿ ಲೈಸೆನ್ಸ್ ಬೇಕಿತ್ತು. 1963ರಲ್ಲಿ ಹಣಕಾಸು ಮಂತ್ರಿಯಾಗಿದ್ದ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ತೆಗೆದುಹಾಕಿದರು. ಈಗ ಮನೆಬಳಕೆಗೆ ಯಾರು ಬೇಕಾದರೂ ಮಾಡಬಹುದು. ಮಾರುವಂತಿಲ್ಲ. ಅದಕ್ಕೇ ಯಾರಿಂದಲೂ ಒಂದು ಪೆನ್ನಿ ತೆಗೆದುಕೊಳ್ಳುವುದಿಲ್ಲ.

ಭಾವ ಕಿಟ್ ಕಳಿಸು ಅಂದಿದ್ದಾರೆ. ಅದನ್ನು ಕಳಿಸುವುದಿಲ್ಲ ಅಂತ ಹೇಳು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ಮಾಡುವುದೂ ಅಪರಾಧ, ಮನೆಗೆ ಮಾತ್ರ ಅಂದರೂ ಬಿಡುವುದಿಲ್ಲ. ನೀವಿಬ್ಬರೂ ಇಲ್ಲಿಗೆ ಬರುವುದು ಗಟ್ಟಿಯಾದರೆ ತಾರೀಖನ್ನು ಆರು ವಾರ ಮುಂಚೆ ತಿಳಿಸಿ. ಹುದುಗುವುದಕ್ಕೆ, ಬಾಟಲಿಯಲ್ಲಿ ಪಕ್ವವಾಗುವುದಕ್ಕೆ ಅಷ್ಟು ಬೇಕು. ಭಾವನಿಗೆ ಕಹಿ ಜಾಸ್ತಿ ಬೇಕೋ, ಕಡಿಮೆ ಬೇಕೋ ಅಂತಲೂ ಕೇಳಿ ಬರೆ, ಅದಕ್ಕೆ ತಕ್ಕ ಕಿಟ್ ತರುತ್ತೇನೆ.

ನಿನ್ನ ತಮ್ಮ