ಉಪಜಿಲ್ಲಾ ಕ್ರೀಡಾಕೂಟದ ಬಗ್ಗೆ ರಕ್ಷಕರಿಗೆ ಪತ್ರ

ಮಾನ್ಯ ರಕ್ಷಕರೇ,

ಉಪಜಿಲ್ಲಾ ಕ್ರೀಡಾಕೂಟದ ಪದಕಪಟ್ಟಿ ನೋಡಿ ನಿಮ್ಮಲ್ಲಿ ಹಲವರು ಕೇಳಿದ್ದೀರಿ: ಖಾಸಗಿ ಶಾಲೆಗಳ ಜೊತೆ ನಮ್ಮ ಸರಕಾರಿ ಶಾಲೆಯ ಮಕ್ಕಳನ್ನು ಓಡಿಸುವುದು ನ್ಯಾಯವೇ?

ಪೂರ್ತಿ ನ್ಯಾಯವಲ್ಲ. ಆದರೆ ಫೀಸು ಕಟ್ಟಿದ ಮಾತ್ರಕ್ಕೆ ಯಾರೂ ವೇಗವಾಗಿ ಓಡುವುದಿಲ್ಲ. ವ್ಯತ್ಯಾಸ ಇರುವುದು ಹಾಸ್ಟೆಲಿನಲ್ಲಿ. ದೂರದೂರಿನಿಂದ ಆರಿಸಿ ತಂದ ಮಕ್ಕಳು ಬೆಳಗ್ಗೆ ಐದೂವರೆಗೆಲ್ಲ ಕೋಚ್ ಜೊತೆ ಮೈದಾನದಲ್ಲಿರುತ್ತಾರೆ. ನಮ್ಮವರು ಸಂಜೆ ಗಂಟೆ ಬಾರಿಸಿದೊಡನೆ ಬಸ್ಸಿಗೆ ಓಡಬೇಕು (ಕೆಲವರಿಗೆ ದಿನದ ಅಭ್ಯಾಸ ಅಷ್ಟೇ). ಹಾಸ್ಟೆಲ್ ಅನುದಾನಿತ ಶಾಲೆಗಳಲ್ಲೂ ಉಂಟು, ಸರಕಾರದ ಕ್ರೀಡಾ ಶಾಲೆಯಲ್ಲೂ ಉಂಟು. 2024ರಲ್ಲಿ ಕೊಚ್ಚಿಯಲ್ಲಿ ನಡೆದ ಕೇರಳ ರಾಜ್ಯ ಶಾಲಾ ಕ್ರೀಡಾಕೂಟದ ಸಮಾರೋಪದಲ್ಲಿ ಗಲಾಟೆಯಾದದ್ದು ಸರಕಾರಿ ಕ್ರೀಡಾ ಶಾಲೆಯ ಅಂಕಗಳನ್ನು ಸಾಮಾನ್ಯ ಶಾಲೆಗಳ ಪಟ್ಟಿಯಲ್ಲಿ ಎಣಿಸಿದ್ದಕ್ಕೆ. ಸರಕಾರಿ, ಖಾಸಗಿ ಎಂದು ಗೆರೆ ಎಳೆದರೆ ಸಮಸ್ಯೆ ಮುಗಿಯದು.

ಅಂಥ ಶಾಲೆಗೆ ಸೇರಿಸಲೆಂದು ಎಂಟನೇ ತರಗತಿಗೆ ಟಿ.ಸಿ. ಕೇಳಲು ಬರುವವರಿಗೆ ಒಂದು ಮಾತು. ಶಾಲೆ ಆರಿಸುವುದು ನಿಮ್ಮ ಹಕ್ಕು. ಆದರೆ ಶಾಲೆ ಆರಂಭವಾದ ಆರನೇ ಕೆಲಸದ ದಿನ ನಡೆಯುವ ಮಕ್ಕಳ ಎಣಿಕೆಯಲ್ಲಿ ಸಂಖ್ಯೆ ಕಡಿಮೆಯಾದರೆ ಕನ್ನಡ ಮಾಧ್ಯಮದ ಡಿವಿಷನ್ (ತರಗತಿಯ ವಿಭಾಗ) ಹೋಗಬಹುದು, ಡಿವಿಷನ್ ಹೋದರೆ ಹುದ್ದೆ ಹೋಗಬಹುದು, ದೈಹಿಕ ಶಿಕ್ಷಕರದ್ದೂ ಸೇರಿ. ಉಳಿದ ಮಕ್ಕಳನ್ನು ಮೈದಾನಕ್ಕೆ ಇಳಿಸಲು ಆಮೇಲೆ ಜನವೇ ಇರುವುದಿಲ್ಲ.

ಹಾಸ್ಟೆಲ್ ಇಲ್ಲದೆಯೂ ಗಳಿಸಬಹುದಾದ ಅಂಕ ರಿಲೇಯಲ್ಲಿದೆ. 4×100 ಮೀಟರ್‌ನಲ್ಲಿ ಬೇಟನ್ (ರಿಲೇ ಕೋಲು) ಕೈ ಬದಲಾಗಬೇಕಾದ ವಲಯ 30 ಮೀಟರ್. ನಮ್ಮ ಹುಡುಗಿಯರು ಸೋತದ್ದು ವೇಗದಲ್ಲಲ್ಲ: ಪಡೆಯುವವಳು ಹಿಂದೆ ತಿರುಗಿ ನಿಂತು ಕಾದಳು, ಕೊಡುವವಳು ಅವಳ ಮೈಮೇಲೆಯೇ ಬಂದಳು. ವಲಯದ ಆರಂಭದಿಂದ ಹಿಂದಕ್ಕೆ ಪಾದಕ್ಕೆ ಪಾದ ತಾಗಿಸಿ ಸುಮಾರು 18 ಪಾದ ಅಳೆದು ಸುಣ್ಣದ ಗುರುತು ಹಾಕಬೇಕು. ಕೊಡುವವಳು ಗುರುತು ಮುಟ್ಟಿದ ಕ್ಷಣ ಪಡೆಯುವವಳು ಹಿಂದೆ ನೋಡದೆ ಓಡಬೇಕು. ಮೈಮೇಲೆ ಬಂದರೆ ಗುರುತನ್ನು ಎರಡು ಪಾದ ಹಿಂದಕ್ಕೆ, ಕೈಗೆ ಸಿಗದಿದ್ದರೆ ಎರಡು ಪಾದ ಮುಂದಕ್ಕೆ. ನಾಲ್ವರೂ ಒಟ್ಟಿಗೆ ಬಂದರೆ ಮಾತ್ರ ಇದು ಸಾಧ್ಯ; ಒಬ್ಬಳು ತಪ್ಪಿಸಿದರೆ ಮೂವರ ಬೆಳಗು ವ್ಯರ್ಥ.

ಹಾಗಾಗಿ ವಾರಕ್ಕೆ ಮೂರು ದಿನ ಬೆಳಗ್ಗೆ 7.45ಕ್ಕೆ ಮಕ್ಕಳನ್ನು ಕಳುಹಿಸಿ. ಮಳೆಗೆ ಮೈದಾನ ಕೆಸರಾದರೆ ಜಗಲಿಯಲ್ಲಿ ನಿಂತಲ್ಲೇ ಬೇಟನ್ ಅಭ್ಯಾಸ ನಡೆಯುತ್ತದೆ. ಸ್ಪೈಕ್ಸ್ (ಅಡಿಯಲ್ಲಿ ಮೊಳೆಯಿರುವ ಓಟದ ಶೂ) ಈಗಲೇ ಕೊಳ್ಳಬೇಡಿ. ನಮ್ಮ ಮುರಕಲ್ಲಿನ ನೆಲದಲ್ಲಿ ಅದು ಬೇಗ ಹಾಳಾಗುತ್ತದೆ. ನೀಲೇಶ್ವರದ ಸಿಂಥೆಟಿಕ್ ಟ್ರ್ಯಾಕಿನಂಥ ಕಡೆ ಓಡಬೇಕಾಗಿ ಬಂದರೆ 6 ಮಿ.ಮೀ. ಮೊಳೆಯದ್ದು ಸಾಕು. ಅದನ್ನು ಎರಡು ವಾರ ಮೊದಲೇ ಹಾಕಿ ರೂಢಿ ಮಾಡದಿದ್ದರೆ ಮೀನಖಂಡ ಹಿಡಿದುಕೊಳ್ಳುತ್ತದೆ.

ಜನನ ಪ್ರಮಾಣಪತ್ರದ ತಾರೀಕು ಅಡ್ಮಿಷನ್ ರಿಜಿಸ್ಟರಿನೊಂದಿಗೆ ತಾಳೆಯಾಗುತ್ತದೆಯೇ ನೋಡಿಕೊಳ್ಳಿ. 14, 17, 19 ವರ್ಷದೊಳಗಿನ ವಿಭಾಗಗಳಲ್ಲಿ ಆಕ್ಷೇಪ ಬಂದಾಗ ಮೊದಲು ಕೇಳುವುದು ಅದನ್ನೇ. ವಯಸ್ಸು ಕಡಿಮೆ ತೋರಿಸಿ ಎಂದು ದಯವಿಟ್ಟು ಯಾರೂ ಆಫೀಸಿಗೆ ಬರಬೇಡಿ.

ಒಪ್ಪಿಗೆ ಚೀಟಿಗೆ ಸಹಿ ಹಾಕಿ ಸೋಮವಾರದೊಳಗೆ ಕ್ಲಾಸ್ ಟೀಚರ ಕೈಗೆ ತಲುಪಿಸಿ.

ಇತಿ,
ಮುಖ್ಯೋಪಾಧ್ಯಾಯರು