ಎರಡು ಬಾಟಲಿ, ಒಂದು ಚೀಟಿ

ಶೆಫೀಲ್ಡ್
ಭಾನುವಾರ

ಚಿ. ಸೌ. ವೀಣಾಳಿಗೆ ಅಕ್ಕನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ತೀರ್ಥಹಳ್ಳಿಯಲ್ಲಿ ನೀವೆಲ್ಲ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ.

ನಿನ್ನ ಹಲ್ಲಿನ ಕ್ಲಿನಿಕ್ಕಿಗೆ ಬಂದ ರೋಗಿಯದೆಂದು ನೀನು ವಾಟ್ಸಾಪಿನಲ್ಲಿ ಕಳಿಸಿದ ಒಸಡಿನ ಫೋಟೋ ನೋಡಿದೆ. ಕೆಂಪಾಗಿದೆ, ಮೇಲಿನ ಪದರ ಸುಲಿದಿದೆ. ಫೋಟೋ ನೋಡಿ ಇದಕ್ಕಿಂತ ಹೆಚ್ಚು ಯಾರು ಹೇಳಿದರೂ ಅದು ಊಹೆ. ಹಾಗೆ ಸುಲಿಯುವ ಒಸಡು ಲೈಕನ್ ಪ್ಲೇನಸ್ ಇರಬಹುದು, ಪೆಂಫಿಗಾಯ್ಡ್ ಇರಬಹುದು, ಪೆಂಫಿಗಸ್ ಇರಬಹುದು. ಮೊದಲನೆಯದಾದರೆ ಹಚ್ಚುವ ಮುಲಾಮು ಮತ್ತು ವರ್ಷಗಟ್ಟಲೆ ನಿಗಾ. ಎರಡನೆಯದು ಕಣ್ಣಿಗೆ ಹಬ್ಬಿದರೆ ರೆಪ್ಪೆ ಅಂಟಿ ದೃಷ್ಟಿಯೇ ಹೋಗಬಹುದು. ಮೂರನೆಯದನ್ನು ಗುರುತಿಸದೆ ಬಿಟ್ಟರೆ ಜೀವಕ್ಕೇ ಕುತ್ತು. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬಯಾಪ್ಸಿಯ ಚೂರು ಕೊಯ್ದು ಲ್ಯಾಬಿಗೆ ಕಳಿಸುವ ಬಗ್ಗೆ ಈ ಕಾಗದ. ಬೇಕಾದರೆ ಕ್ಲಿನಿಕ್ಕಿನ ಬೀರುವಿನ ಬಾಗಿಲಿಗೆ ಅಂಟಿಸಿಕೋ.

ನನ್ನ ಹಾಗೆ ಲ್ಯಾಬಿನಲ್ಲಿ ಕೂತು ಚೂರು ನೋಡುವವರಿಗೆ ಕಾಣುವುದು ನೀನು ಕಳಿಸಿದಷ್ಟೇ. ಅಪರೂಪದ ಕಾಯಿಲೆಗಳು ತಪ್ಪಿಹೋಗುವುದು ಹೆಚ್ಚಾಗಿ ಮೈಕ್ರೋಸ್ಕೋಪಿಗೆ ಬರುವ ಮೊದಲೇ, ಎಲ್ಲಿ ಕೊಯ್ದೆ, ಯಾವುದರಲ್ಲಿ ಹಾಕಿದೆ, ಚೀಟಿಯಲ್ಲಿ ಏನು ಬರೆದೆ ಎನ್ನುವಲ್ಲಿ.

ಪೆಂಫಿಗಸ್, ಪೆಂಫಿಗಾಯ್ಡ್‌ನಂಥ ಗುಳ್ಳೆಯ ಕಾಯಿಲೆಯ ಅನುಮಾನ ಇದ್ದರೆ ಎರಡು ಚೂರು, ಎರಡು ಬಾಟಲಿ. ಒಂದು ಚೂರು ಗಾಯದ ಅಂಚಿನಿಂದ, ಅರ್ಧ ಸುಲಿದ ಜಾಗ ಅರ್ಧ ಸುಲಿಯದ ಜಾಗ ಸೇರಿದಂತೆ. ಅದು ಚೂರು ಕೊಳೆಯದಂತೆ ಗಟ್ಟಿಮಾಡುವ ಫಾರ್ಮಲಿನ್‌ಗೆ. ಇನ್ನೊಂದು ಚೂರು ಗಾಯದ ಪಕ್ಕದ, ನೋಡಲು ಸರಿಯಾಗಿಯೇ ಇರುವ ಜಾಗದಿಂದ. ಅದು ಪ್ರತಿಕಾಯಗಳನ್ನು ಕೆಡದಂತೆ ಇಡುವ ಮಿಶೆಲ್ ದ್ರಾವಣಕ್ಕೆ, ಅವನ್ನು ಹೊಳೆಯಿಸಿ ತೋರಿಸುವ ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಗೆ. ಸುಲಿದ ಜಾಗದಿಂದಲೇ ಎರಡನ್ನೂ ತೆಗೆದರೆ ಮೇಲ್ಪದರವೇ ಇರುವುದಿಲ್ಲ. ನೋಡಬೇಕಾದದ್ದು ಆ ಮೇಲ್ಪದರದ ಜೀವಕೋಶಗಳ ಸುತ್ತ, ಅಥವಾ ಅದರ ಬುಡದಲ್ಲಿ, ಅಂಟಿಕೊಂಡ ಪ್ರತಿಕಾಯಗಳನ್ನು. ಪೆಂಫಿಗಸ್ ಆದರೆ ಐಜಿಜಿ ಎಂಬ ಪ್ರತಿಕಾಯ ಮತ್ತು ಸಿ3 ಎಂಬ ರಕ್ತದ ಪ್ರೋಟೀನ್ ಜೀವಕೋಶಗಳ ನಡುವೆ ಮೀನಿನ ಬಲೆಯ ಹಾಗೆ ಹಸಿರಾಗಿ ಹೊಳೆಯುತ್ತವೆ. ಪೆಂಫಿಗಾಯ್ಡ್ ಆದರೆ ಮೇಲ್ಪದರದ ಬುಡದಲ್ಲಿ ಗೆರೆ ಎಳೆದ ಹಾಗೆ. ಪದರವೇ ಇಲ್ಲದ ಚೂರಿನಲ್ಲಿ ಬಲೆಯೂ ಇಲ್ಲ, ಗೆರೆಯೂ ಇಲ್ಲ. ಆಮೇಲೆ ವರದಿಯಲ್ಲಿ 'ನೆಗೆಟಿವ್' ಎಂದು ಬರುತ್ತದೆ, ರೋಗಿ ಇನ್ನಾರು ತಿಂಗಳು ಮೌತ್‌ವಾಶ್ ಮುಕ್ಕಳಿಸುತ್ತಾ ಕೂರುತ್ತಾರೆ. ಪೆಂಫಿಗಸ್ ವಲ್ಗ್ಯಾರಿಸ್‌ನಲ್ಲಿ ಹೆಚ್ಚಾಗಿ ಬಾಯಿಯೇ ಮೊದಲು, ಚರ್ಮಕ್ಕೆ ಬರುವುದು ತಿಂಗಳುಗಳ ನಂತರ. ಹಾಗಾಗಿ ಚರ್ಮದ ವೈದ್ಯರಿಗಿಂತ ಮೊದಲು ಅದನ್ನು ನೋಡುವವಳು ನೀನೇ.

ಒಸಡು ಮಾತ್ರ ಸುಲಿದಿದ್ದರೂ ಹಲ್ಲಿನ ಅಂಚಿನ ಒಸಡನ್ನು ಕೊಯ್ಯಬೇಡ. ಅಲ್ಲಿ ಪಾಚಿಯಿಂದಾದ ಉರಿಯೂತ ಹೇಗೂ ಇರುತ್ತದೆ, ಎಲ್ಲವನ್ನೂ ಕಲಸಿಬಿಡುತ್ತದೆ. ಅಂಚಿನಿಂದ ದೂರ ಸರಿ, ಇಲ್ಲವೇ ಕೆನ್ನೆಯ ಒಳಮೈಯಿಂದ ತೆಗೆ.

ಮಿಶೆಲ್‌ಗೆ ಹೋಗುವ ಚೂರನ್ನು ಮೊದಲು ತೆಗೆದು ಮೊದಲು ಹಾಕು. ಫಾರ್ಮಲಿನ್ ಸೋಕಿದ ಚಿಮಟವನ್ನೇ ಅದಕ್ಕೂ ಬಳಸಿದರೆ ಆ ಒಂದು ಹನಿಗೇ ಪರೀಕ್ಷೆ ಹಾಳಾಗಬಹುದು. ಮಿಶೆಲ್ ಸಿಗಲಿಲ್ಲವಾದರೆ ಸಲೈನ್ ಆದೀತು, ಆದರೆ 24 ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು. ಮಳೆಗಾಲದಲ್ಲಿ ಆಗುಂಬೆ ಘಾಟಿ ಯಾವತ್ತು ಮುಚ್ಚುತ್ತದೋ ಹೇಳಲಾಗುವುದಿಲ್ಲ, ಮಣಿಪಾಲಕ್ಕೆ ಹೊರಟ ಸಲೈನ್ ಬಾಟಲಿ ದಾರಿಯಲ್ಲೇ ಉಳಿದರೆ ಕೆಲಸ ಕೆಟ್ಟಿತು. ಮಿಶೆಲ್‌ನಲ್ಲಾದರೆ ಫ್ರಿಜ್ ಇಲ್ಲದೆಯೂ ಮೂರ್ನಾಲ್ಕು ದಿನ ತಡೆಯುತ್ತದೆ. ಲ್ಯಾಬಿನವರನ್ನು ಮೊದಲೇ ಕೇಳಿ ಎರಡು ಬಾಟಲಿ ತರಿಸಿಟ್ಟುಕೋ.

ಇನ್ನು ಫಾರ್ಮಲಿನ್. 10% ಅಂದರೆ ಅಂಗಡಿಯಲ್ಲಿ ಸಿಗುವ ಗಟ್ಟಿ ದ್ರಾವಣ ಒಂದು ಪಾಲು, ನೀರು ಒಂಬತ್ತು ಪಾಲು. ಬರೀ ನೀರು ಸಾಲದು, ಬಫರ್ ಬೇಕು: ಒಂದು ಲೀಟರಿಗೆ ಗಟ್ಟಿ ಫಾರ್ಮಲಿನ್ 100 ಮಿ.ಲೀ., ಡಿಸ್ಟಿಲ್ಡ್ ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಬಫರ್ ಇಲ್ಲದ ಹಳೆಯ ಫಾರ್ಮಲಿನ್ ಹುಳಿಯೇರಿ ಸ್ಲೈಡಿನ ತುಂಬ ಕಂದು ಪುಡಿ ಉದುರಿಸುತ್ತದೆ, ಮೆಲನಿನ್ ಬಣ್ಣವೋ ಏನೋ ಎಂದು ನಾವು ತಲೆ ಕೆಡಿಸಿಕೊಳ್ಳಬೇಕು. ಚೂರಿನ ಗಾತ್ರಕ್ಕಿಂತ ಹತ್ತು ಪಟ್ಟಾದರೂ ದ್ರಾವಣ ಇರಲಿ. ಬಾಟಲಿಯ ಬಾಯಿ ಅಗಲವಿರಲಿ. ಇಂಜೆಕ್ಷನ್ನಿನ ಖಾಲಿ ಸೀಸೆಗೆ ಹಾಕುವವರಿದ್ದಾರೆ: ಹೋಗುವಾಗ ಚೂರು ಮೆತ್ತಗಿರುತ್ತದೆ, ಸಲೀಸಾಗಿ ಇಳಿಯುತ್ತದೆ. ಮರುದಿನ ಗಟ್ಟಿಯಾಗಿ ಕುತ್ತಿಗೆಯಲ್ಲಿ ಸಿಕ್ಕಿಕೊಂಡರೆ ಸೀಸೆ ಒಡೆಯಬೇಕು, ಇಲ್ಲಾ ಚೂರು ಹರಿಯಬೇಕು. ಸ್ಪಿರಿಟ್ಟಿನಲ್ಲಿ ಮಾತ್ರ ಹಾಕಲೇಬೇಡ, ಚೂರು ಸುಕ್ಕುಗಟ್ಟುತ್ತದೆ.

ಕೊಯ್ಯುವಾಗ ಮರಗಟ್ಟಿಸುವ ಲಿಗ್ನೋಕೇನನ್ನು ಗಾಯದೊಳಕ್ಕೇ ಚುಚ್ಚಬೇಡ, ಸುತ್ತ ಮೂರ್ನಾಲ್ಕು ಮಿಲಿಮೀಟರ್ ಆಚೆ ಕೊಡು. ಒಳಗೆ ಕೊಟ್ಟರೆ ನೀರು ತುಂಬಿ ಪದರಗಳು ಬೇರ್ಪಡುತ್ತವೆ, ಅದೇ ಗುಳ್ಳೆಯ ಹಾಗೆ ಕಾಣುತ್ತದೆ. ಹಲ್ಲಿರುವ ಚಿಮಟದಿಂದ ಹಿಂಡಿದರೆ ಜೀವಕೋಶಗಳು ಎಳೆಎಳೆಯಾಗಿ ಜಜ್ಜಿಹೋಗುತ್ತವೆ. ಲಿಂಫೋಮಾ (ದುಗ್ಧಕಣಗಳ ಕ್ಯಾನ್ಸರ್) ಅನುಮಾನದ ಚೂರಿಗೆ ಹೀಗಾದರೆ ಮುಗಿಯಿತು, ಮತ್ತೆ ಕೊಯ್ಯಬೇಕು. ಚೂರಿನ ತುದಿಗೆ ಒಂದು ಹೊಲಿಗೆ ಹಾಕಿ ಅದನ್ನೇ ಹಿಡಿದೆತ್ತು. 5 ಮಿ.ಮೀ. ಪಂಚ್ ಸಾಕು, ಆದರೆ ಆಳ ಬೇಕು. ತೆಗೆದ ಮೇಲೆ ದಪ್ಪ ಕಾಗದದ ತುಂಡಿನ ಮೇಲೆ, ಕೊಯ್ದ ಮೈ ಕೆಳಗೆ ಬರುವಂತೆ, ಒಂದು ನಿಮಿಷ ಮಲಗಿಸು. ಅಂಟಿಕೊಂಡ ಮೇಲೆ ಕಾಗದ ಸಮೇತ ದ್ರಾವಣಕ್ಕೆ ಬಿಡು, ಸುರುಳಿ ಸುತ್ತುವುದಿಲ್ಲ. ಗಾಜ್ ಬಟ್ಟೆ ಬೇಡ, ಅದರ ನೂಲು ಚೂರಿಗೆ ಹತ್ತುತ್ತದೆ.

ಆಳ ಬೇಕು ಎಂದು ಒತ್ತಿ ಹೇಳಲು ಕಾರಣವಿದೆ. ನಾಲಿಗೆಯ ಮೇಲೆ ಗ್ರ್ಯಾನ್ಯುಲರ್ ಸೆಲ್ ಟ್ಯೂಮರ್ ಎಂಬ ಅಪಾಯವಿಲ್ಲದ ಗಂಟು ಬರುತ್ತದೆ, 1926ರಲ್ಲಿ ಅಬ್ರಿಕೊಸಾಫ್ ವಿವರಿಸಿದ್ದು. ಅದರ ಮೇಲಿನ ಪದರ ಬೇರು ಬಿಟ್ಟ ಹಾಗೆ ಕೆಳಗಿಳಿದು, ನೋಡಲು ಥೇಟ್ ಕ್ಯಾನ್ಸರ್ ಆಗಿರುತ್ತದೆ. ನಿಜವಾದ ಗಂಟಿನ ಜೀವಕೋಶಗಳು, ರವೆ ತುಂಬಿದಂಥವು, ಅದರ ಕೆಳಗೆ. ಮೇಲೆ ಮೇಲೆ ಕೆರೆದು ಕಳಿಸಿದರೆ ನಮಗೆ ಸಿಗುವುದು ಆ ಸುಳ್ಳು ಕ್ಯಾನ್ಸರ್ ಮಾತ್ರ. ಆ ವರದಿ ನಂಬಿ ಅರ್ಧ ನಾಲಿಗೆ ತೆಗೆದರೆ ಯಾರನ್ನು ಕೇಳುವುದು? ಆಳದ ಚೂರು ಬಂದರೆ ಆ ಜೀವಕೋಶಗಳನ್ನು ಗುರುತಿಸುವ ಎಸ್-100 ಬಣ್ಣ ಹಾಕಿ ಅದೇ ವಾರ ಹೇಳಬಹುದು. ಅಂಗುಳದ ಕುಳಿಹುಣ್ಣಿಗೂ ಇದೇ ಮಾತು. ನೆಕ್ರೊಟೈಸಿಂಗ್ ಸಯಾಲೊಮೆಟಪ್ಲೇಸಿಯಾ ಎಂಬ ಜೊಲ್ಲುಗ್ರಂಥಿಯ ಕಾಯಿಲೆ, 1973ರಲ್ಲಿ ಹೆಸರು ಬಂದದ್ದು, ತಾನಾಗಿ ಆರರಿಂದ ಹತ್ತು ವಾರದಲ್ಲಿ ಮಾಯುತ್ತದೆ. ಚೂರು ಚಿಕ್ಕದಾದರೆ ಕ್ಯಾನ್ಸರ್ ಎನಿಸಿಕೊಳ್ಳುತ್ತದೆ. ಎಷ್ಟು ದಿನದಿಂದ ಇದೆ ಎಂದು ನೀನು ಬರೆದರೆ ನಮ್ಮ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಹಾಗಾದರೆ ಚೀಟಿಯಲ್ಲಿ ಏನು ಬರೆಯಬೇಕು? 'ಅಲ್ಸರ್, ಬಯಾಪ್ಸಿ' ಅಂತ ಎರಡೇ ಪದ ಬರೆದು ಕಳಿಸಬೇಡ. ವಯಸ್ಸು, ಜಾಗ ಎಡವೋ ಬಲವೋ, ಮಿಲಿಮೀಟರಿನಲ್ಲಿ ಅಳತೆ, ಎಷ್ಟು ದಿನದ್ದು, ಗಟ್ಟಿಯೋ ಮೆತ್ತಗೋ, ಒತ್ತಿದರೆ ಬಿಳಿಚುತ್ತದೋ. ಕವಳ, ಗುಟ್ಕಾ, ಬೀಡಿ. ಸಕ್ಕರೆ ಕಾಯಿಲೆ, ಮೂತ್ರಪಿಂಡ, ಹಿಂದೆ ಎಲ್ಲಾದರೂ ಕ್ಯಾನ್ಸರ್. ಮಾತ್ರೆಗಳ ಹೆಸರು. ಸ್ಟೀರಾಯ್ಡ್ ಪೇಸ್ಟ್ ಆಗಲೇ ಶುರುಮಾಡಿದ್ದರೆ ಅದನ್ನೂ ಬರೆ. ಎಕ್ಸ್-ರೇ ಇದ್ದರೆ ಅದರ ಪ್ರತಿ. ಮತ್ತೆ ನಿನಗೆ ಏನನ್ನಿಸುತ್ತದೆ ಎನ್ನುವುದನ್ನು ನಾಚಿಕೆಯಿಲ್ಲದೆ ಬರೆ. ತಪ್ಪಾದರೂ ಅದು ನಮಗೆ ದಾರಿ.

ಮಾತ್ರೆ ಅಂದೆನಲ್ಲ. ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ಕೊಡುವುದು ವಾರಕ್ಕೊಂದು ದಿನ. ಅದನ್ನು ದಿನಾ ನುಂಗಿದವರ ಬಾಯಿ ತುಂಬ ಹುಣ್ಣಾಗುತ್ತದೆ, ಜೊತೆಗೆ ರಕ್ತಕಣಗಳೂ ಕುಸಿಯುತ್ತವೆ. ಇಂಥವರಿಗೆ ಬಯಾಪ್ಸಿ ಬೇಡ. ಮಾತ್ರೆಯ ಹಾಳೆ ತರಿಸಿ ಎಣಿಸು, ಅದೇ ದಿನ ಆಸ್ಪತ್ರೆಗೆ ಕಳಿಸು.

ಕತ್ತಿ ಹಿಡಿಯುವ ಮೊದಲು ನಿಲ್ಲಬೇಕಾದ ಜಾಗ ಇನ್ನೂ ಎರಡಿವೆ. ಒಸಡು ನಾಲ್ಕೂ ಕಡೆ ಊದಿ, ಮೆತ್ತಗೆ, ನೀಲಿಗೆಂಪಾಗಿ ಹಲ್ಲಿನ ಮೇಲೆ ಏರಿದೆ, ಮುಟ್ಟಿದರೆ ರಕ್ತ, ಮನುಷ್ಯ ಬಿಳಿಚಿಕೊಂಡು ಸುಸ್ತಾಗಿದ್ದಾನೆ ಎಂದರೆ ಮೊದಲು ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಜೊತೆಗೆ ರಕ್ತವನ್ನು ಗಾಜಿನ ಮೇಲೆ ಸವರಿ ನೋಡುವ ಪೆರಿಫೆರಲ್ ಸ್ಮಿಯರ್. ರಕ್ತದ ಕ್ಯಾನ್ಸರಿನ ಒಂದು ಬಗೆ, ಮಾನೊಸೈಟ್ ಸಾಲಿನದು, ಒಸಡಿಗೆ ಇಳಿಯುವುದು ಹೀಗೇ. ಯಂತ್ರದ ಎಣಿಕೆಯೊಂದನ್ನೇ ನಂಬಬೇಡ, ಎಳೆಯ ಕೆಟ್ಟ ಕಣಗಳನ್ನು ಅದು ಮಾಮೂಲಿ ಮಾನೊಸೈಟ್ ಎಂದು ಲೆಕ್ಕ ಹಾಕಿಬಿಡಬಹುದು. ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆ ಇದ್ದರೆ ಕ್ಲಿನಿಕ್ಕಿನಲ್ಲಿ ಕೊಯ್ಯಬೇಡ. ಎರಡನೆಯದು ಎಕ್ಸ್-ರೇಯಲ್ಲಿ ದವಡೆ ಟೊಳ್ಳಾಗಿ ಕಂಡಾಗ. ದಪ್ಪ ಸೂಜಿ ಹಾಕಿ ಎಳೆದು ನೋಡು. ಹುಲ್ಲಿನ ಬಣ್ಣದ ನೀರು ಬಂದರೆ ಸಿಸ್ಟ್ ಇರಬಹುದು. ಚೀಸಿನಂಥ ಬಿಳಿ ಗಸಿ ಬಂದರೆ ಕೆರಟೊಸಿಸ್ಟ್ ಇರಬಹುದು. ಅದು ಮಕ್ಕಳಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಗಾರ್ಲಿನ್ ಸಿಂಡ್ರೋಮ್ ಎಂಬ ವಂಶವಾಹಿ ಕಾಯಿಲೆ ಇರಬಹುದು, ಎದೆಯ ಎಕ್ಸ್-ರೇ ತೆಗೆಸಿ ಪಕ್ಕೆಲುಬು ಕವಲೊಡೆದಿದೆಯೇ ನೋಡಿಸು, ಅಂಗೈಯ ಸಣ್ಣ ಕುಳಿಗಳನ್ನು ನೀನೇ ನೋಡು. ಸಿರಿಂಜಿನ ದಂಡವನ್ನೇ ಹಿಂದಕ್ಕೆ ತಳ್ಳಿಕೊಂಡು ಕೆಂಪು ರಕ್ತ ಬಂತೋ, ಸೂಜಿ ತೆಗೆದು ಒತ್ತಿ ಹಿಡಿ, ದೊಡ್ಡಾಸ್ಪತ್ರೆಗೆ ಕಳಿಸು. ಅದು ರಕ್ತನಾಳಗಳ ಗೋಜಲಾಗಿದ್ದರೆ ಹಲ್ಲು ಕಿತ್ತರೂ ರಕ್ತ ನಿಲ್ಲದು.

ದವಡೆಯಲ್ಲಿ ಜಯಂಟ್ ಸೆಲ್ ಗಡ್ಡೆ ಎಂದು ವರದಿ ಬಂದರೆ ಅದನ್ನು ಕೊನೆಯ ಮಾತು ಎಂದುಕೊಳ್ಳಬೇಡ. ದವಡೆಯದೇ ಗ್ರ್ಯಾನ್ಯುಲೋಮಾ ಇರಲಿ, ಪ್ಯಾರಾಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿ ಎಲುಬು ಕರಗಿಸಿದ ಬ್ರೌನ್ ಟ್ಯೂಮರ್ ಇರಲಿ, ಸ್ಲೈಡಿನಲ್ಲಿ ಎರಡೂ ಒಂದೇ. ಎಷ್ಟು ಹೊತ್ತು ನೋಡಿದರೂ ಬೇರ್ಪಡಿಸಲು ಬರುವುದಿಲ್ಲ. ರಕ್ತವೇ ಹೇಳಬೇಕು: ಕ್ಯಾಲ್ಸಿಯಂ, ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನೀನ್, ಆಲ್ಬುಮಿನ್, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್), ವಿಟಮಿನ್ ಡಿ. ಕ್ಯಾಲ್ಸಿಯಂ ಒಂದನ್ನೇ ನೋಡಿ ಸರಿಯಿದೆ ಅನ್ನಬೇಡ. ವಿಟಮಿನ್ ಡಿ ಕೊರತೆ ಇರುವವರಲ್ಲಿ ಏರಿರಬೇಕಾದ ಕ್ಯಾಲ್ಸಿಯಂ ಸಾಧಾರಣವಾಗಿಯೇ ಕಾಣಬಹುದು. ಆಲ್ಬುಮಿನ್ 4ಕ್ಕಿಂತ ಪ್ರತಿ 1 ಗ್ರಾಂ ಇಳಿದಾಗ ಕ್ಯಾಲ್ಸಿಯಂಗೆ 0.8 ಕೂಡಿಸಿ ಓದು. ರಕ್ತ ತೆಗೆಯುವವರು, ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬ್ ತುಂಬಿ ಅದರಿಂದ ಕ್ಯಾಲ್ಸಿಯಂ ಟ್ಯೂಬಿಗೆ ಸುರಿದರೆ ಸಂಖ್ಯೆ ಸುಳ್ಳಾಗಿ ಇಳಿಯುತ್ತದೆ. ತೋಳಿಗೆ ಪಟ್ಟಿ ಬಹಳ ಹೊತ್ತು ಕಟ್ಟಿದರೆ ಸುಳ್ಳಾಗಿ ಏರುತ್ತದೆ. ಎಕ್ಸ್-ರೇಯಲ್ಲಿ ಹಲ್ಲಿನ ಬೇರಿನ ಸುತ್ತಲ ಬಿಳಿ ಗೆರೆ, ಲ್ಯಾಮಿನಾ ಡ್ಯೂರಾ, ಎಲ್ಲ ಹಲ್ಲಿಗೂ ಮಾಸಿದ್ದರೆ ಅನುಮಾನ ಗಟ್ಟಿ. ಕುತ್ತಿಗೆಯ ಗ್ರಂಥಿ ತೆಗೆದರೆ ದವಡೆಯ ಗಡ್ಡೆ ಸಾಮಾನ್ಯವಾಗಿ ತಾನಾಗಿ ತುಂಬಿಕೊಳ್ಳುತ್ತದೆ. ಗೊತ್ತಿಲ್ಲದೆ ದವಡೆ ಕೆರೆದರೆ ಮತ್ತೆ ಬರುತ್ತದೆ.

ಗದ್ದ ಮರಗಟ್ಟಿದೆ, ಹಲ್ಲಿನಲ್ಲಿ ಏನೂ ತೊಂದರೆಯಿಲ್ಲ ಎಂದು ಬಂದವರನ್ನು ವಿಟಮಿನ್ ಬರೆದು ಕಳಿಸಬೇಡ. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್, ಮೂತ್ರಪಿಂಡದ ಕ್ಯಾನ್ಸರ್ ದವಡೆಯ ನರದ ಬಳಿ ಬಂದು ಕೂತರೆ ಮೊದಲ ಲಕ್ಷಣ ಇಷ್ಟೇ. ಕಿತ್ತ ಹಲ್ಲಿನ ಗುಳಿಯಿಂದ ಕೆಂಪು ಮಾಂಸ ಉಕ್ಕಿ ಬಂದರೂ ಹಾಗೇ. ಕೆರೆದು ಬಿಸಾಡಬೇಡ, ಬಾಟಲಿಗೆ ಹಾಕು.

ಸಕ್ಕರೆ ಕಾಯಿಲೆಯವರ ಅಂಗುಳ ಕಪ್ಪಾಗಿದ್ದರೆ 2021ರ ಕಪ್ಪು ಶಿಲೀಂಧ್ರ ನಿನಗೆ ನೆನಪಿದ್ದೇ ಇರುತ್ತದೆ. ಆಗ ಎಷ್ಟೋ ಚೂರುಗಳು ಪೂರ್ತಿಯಾಗಿ ಫಾರ್ಮಲಿನ್‌ಗೇ ಹೋದವು, ಬೆಳೆಸಿ ನೋಡಲು ಏನೂ ಉಳಿಯಲಿಲ್ಲ. ಅರ್ಧ ಸಲೈನ್‌ಗೆ ಹಾಕು. ಅದನ್ನು ಅರೆಯಬಾರದು, ಹೆಚ್ಚಬೇಕು ಎಂದು ಚೀಟಿಯಲ್ಲೇ ಬರೆ, ಅರೆದರೆ ಶಿಲೀಂಧ್ರದ ಎಳೆಗಳು ಸಾಯುತ್ತವೆ. ನಾಲಿಗೆಯ ಮೇಲಿನ ಮಾಯದ ಹುಣ್ಣಿಗೂ ಸಲೈನ್ ಬಾಟಲಿ ಇರಲಿ. ಅದು ಕ್ಷಯವಾದರೆ ಅದರ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೆ ಬೇಕು, ಹಿಸ್ಟೊಪ್ಲಾಸ್ಮಾ ಎಂಬ ಶಿಲೀಂಧ್ರ ಆದರೆ ಕಲ್ಚರ್‌ಗೆ ಬೇಕು.

ಅಮೆಲೊಬ್ಲಾಸ್ಟೋಮಾ ಎಂಬ ದವಡೆಯ ಗಡ್ಡೆಯ ಚೂರಿನಲ್ಲಿ ಎಲುಬು ಸೇರಿದ್ದರೆ ಇಡಿಟಿಎಯಲ್ಲಿ ಮೆದುಮಾಡಿ ಎಂದು ಬರೆ. ನೈಟ್ರಿಕ್ ಆಸಿಡ್ ಬೇಗ ಮೆದುಮಾಡುತ್ತದೆ, ಆದರೆ ಡಿಎನ್‌ಎ ಸುಟ್ಟುಹೋಗುತ್ತದೆ. 2014ರಿಂದ ಈ ಗಡ್ಡೆಗಳಲ್ಲಿ ಬಿಆರ್‌ಎಎಫ್ ವಿ600ಇ ಎಂಬ ಜೀನ್ ಬದಲಾವಣೆ ಗೊತ್ತಾಗಿದೆ, ಅದಕ್ಕೆಂದೇ ಇರುವ ಮಾತ್ರೆಗಳನ್ನೂ ಆಯ್ದ ರೋಗಿಗಳಲ್ಲಿ ಬಳಸಿ ನೋಡಿದ್ದಾರೆ. ದವಡೆ ಪೂರ್ತಿ ತೆಗೆಯಬೇಕಾದ ಹುಡುಗನಿಗೆ ಇದು ಸಣ್ಣ ಮಾತಲ್ಲ.

ವರದಿಯ ಮೇಲೆ ನಿನಗೆ ಅನುಮಾನ ಬಂದರೆ ಎರಡನೆಯ ಅಭಿಪ್ರಾಯಕ್ಕೆ ಸ್ಲೈಡ್ ಒಂದನ್ನೇ ಕಳಿಸಬೇಡ, ಮೇಣದ ಬ್ಲಾಕ್ ಕೇಳಿ ಪಡೆದು ಕಳಿಸು. ಹೊಸ ಬಣ್ಣ ಹಾಕಲು ಅದೇ ಬೇಕು. ಏಪ್ರಿಲ್ ಬಿಸಿಲಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಮೇಣ ಮೆತ್ತಗಾಗುತ್ತದೆ, ಒಂದಕ್ಕೊಂದು ತಾಗದಂತೆ ಸುತ್ತಿ ಡಬ್ಬಿಗೆ ಹಾಕು. ಮೊದಲಿನ ವರದಿಯ ಪ್ರತಿಯೂ ಜೊತೆಗಿರಲಿ.

ಆ ಒಸಡಿನವರನ್ನು ಈ ವಾರವೇ ಕರೆಸು. ಕಣ್ಣು ಉರಿಯುತ್ತದೆಯೇ, ನುಂಗುವಾಗ ನೋವಿದೆಯೇ ಕೇಳು.

ಅಮ್ಮನಿಗೆ ನಮಸ್ಕಾರ ಹೇಳು. ರಾತ್ರಿ ಹಲ್ಲುಸೆಟ್ ತೆಗೆದು ನೀರಿನಲ್ಲಿಟ್ಟು ಮಲಗಲಿ. ಅದರ ಅಡಿಯ ಅಂಗುಳವನ್ನೂ ಕವಳ ಇಟ್ಟುಕೊಳ್ಳುವ ಎಡಗೆನ್ನೆಯನ್ನೂ ಒಮ್ಮೆ ಬೆಳಕು ಹಿಡಿದು ನೋಡು. ಬೇಡ ಅನ್ನುತ್ತಾಳೆ, ಆದರೂ ನೋಡು.

ಇಂತಿ,
ನಿನ್ನ ಅಕ್ಕ